ಮಗಳ ಜೊತೆ ಸೆಲ್ಫಿ ಕೇಳಿದ್ರು, ಫೋಟೊ ತೆಗೆಯೋಕೆ ಫೋನ್ ನನ್ನ ಕೈಗೆ ಕೊಟ್ರು

ಕೆಜಿ_ರೋಡ್_ಹಳಬ · ಭಾನುವಾರ ರಾತ್ರಿ 9:40

ಇವತ್ತು ಬೆಳಿಗ್ಗೆ ಗಾಂಧಿಬಜಾರಿನಲ್ಲಿ ನಡೆದದ್ದು. ನಾನು, ನಮ್ಮನೆಯವಳು, ಮಗಳು ಸೇವಂತಿಗೆ ಹೂವಿಗೆ ಚೌಕಾಸಿ ಮಾಡ್ತಾ ನಿಂತಿದ್ವಿ. ಇಬ್ಬರು ಕಾಲೇಜು ಹುಡುಗೀರು ದೂರದಿಂದ ನೋಡಿ, ಗುಸುಗುಸು ಅಂದ್ಕೊಂಡು, ಹತ್ತಿರ ಬಂದು "ಅಕ್ಕಾ, ನೀವು ಹುಣಸೇಹಣ್ಣಿನ ಅಜ್ಜಿ ಅಲ್ವಾ?" ಅಂದ್ರು. ಮಗಳು ನಕ್ಕಳು. ವಿಷಯ ಏನಂದ್ರೆ, ಅವಳು ತಲೆಗೆ ಟವೆಲ್ ಸುತ್ಕೊಂಡು ನಮ್ಮಮ್ಮನ ಥರ ಬೈತಾ ರೀಲ್ಸ್ ಮಾಡ್ತಾಳೆ. ಹುಣಸೇಹಣ್ಣು ಕಿವುಚ್ತಾ ಸೊಸೆಗೆ ಬೈಯೋ ಒಂದು ವಿಡಿಯೋ ಓಡಿಬಿಟ್ಟಿದೆ. 41 ಸಾವಿರ ಫಾಲೋವರ್ಸ್ ಅಂತೆ.

ಆ ಹುಡುಗಿ ಫೋನನ್ನ ನನ್ನ ಕೈಗಿಟ್ಟು "ಅಂಕಲ್, ಒಂದು ಫೋಟೊ ತೆಗೀತೀರಾ?" ಅಂದಳು. ಮೂರು ತೆಗೆದೆ. ಒಂದರಲ್ಲಿ ನನ್ನ ಹೆಬ್ಬೆರಳೂ ಬಂದಿತ್ತು.

ಈಗ ನನ್ನ ಕಥೆ. ನಾನು ಶ್ರೀರಾಂಪುರದ ಹುಡುಗ. 80ರ ದಶಕದಲ್ಲಿ ನಮ್ಮ ಬೀದಿಯ ಅಣ್ಣಾವ್ರ ಅಭಿಮಾನಿ ಸಂಘದಲ್ಲಿ ನನ್ನ ಕೆಲಸ ಸ್ಟಾರ್ ಕಟ್ಟೋದು. ಈಗಿನವರಿಗೆ ಗೊತ್ತಿಲ್ಲ. ಬಿದಿರಿನ ದಬ್ಬೆ ಸೀಳಿ, ಐದು ಮೂಲೆ ಮಾಡಿ, ಬಣ್ಣದ ಕಾಗದ ಅಂಟಿಸಿ, ಒಳಗೊಂದು ಬಲ್ಬು ಇಳಿಬಿಟ್ಟು, ಕೆಳಗೆ ನಮ್ಮ ಏರಿಯಾ ಹೆಸರು ಬರೆದು, ಬಿಡುಗಡೆಯ ಹಿಂದಿನ ರಾತ್ರಿ ಥಿಯೇಟರ್ ಮುಂದೆ ನೇತು ಹಾಕ್ತಿದ್ವಿ. ಯಾವ ಏರಿಯಾದ ಸ್ಟಾರ್ ಮೇಲಿರಬೇಕು ಅಂತ ಜಗಳ ಆಗ್ತಿತ್ತು. ಒಂದು ಸಲ ಏಪ್ರಿಲ್ 24ಕ್ಕೆ ಸದಾಶಿವನಗರದ ಮನೆ ಮುಂದೆ ಐದು ಗಂಟೆ ನಿಂತಿದ್ದೆ. ಅಣ್ಣಾವ್ರು ಹೊರಗೆ ಬಂದ್ರು, ಬಿಳಿ ಪಂಚೆ, ಎರಡೂ ಕೈ ಎತ್ತಿ ಮುಗಿದ್ರು, ಒಳಗೆ ಹೋದ್ರು. ಅಷ್ಟೇ. ಆ "ಅಷ್ಟೇ"ನ 35 ವರ್ಷದಿಂದ ಮನೆಗೆ ಬಂದವರಿಗೆಲ್ಲ ಹೇಳ್ತಾ ಇದೀನಿ.

ಕೇಳಬೇಕು ಅನ್ಸಿದ್ದು ಇಷ್ಟು. ನನ್ನ ಮಗಳಿಗೆ ಬಂದಿರೋದು ಖ್ಯಾತಿನಾ, ಬರೀ ಪರಿಚಯಾನಾ? ಬೈಬೇಡಿ, ಮನಸ್ಸಿಗೆ ಬಂದಿದ್ದು ಹೇಳಿ.

—

ಯಶವಂತಪುರ_ಪ್ಯಾಸೆಂಜರ್ · 9:52

ಅಂಕಲ್, ಮೊದಲು ಮಗಳ ಪೇಜ್ ಲಿಂಕ್ ಹಾಕಿ, ಆಮೇಲೆ ಚರ್ಚೆ.

—

ಕೆಜಿ_ರೋಡ್_ಹಳಬ · 9:55

ಹಾಕಲ್ಲ. ಅವಳಿಗೆ ಗೊತ್ತಾದ್ರೆ ನನ್ನ ಮೇಲೇ ಒಂದು ರೀಲ್ ಮಾಡ್ತಾಳೆ.

—

ಫಿಲಂ_ರೀಲು · 10:31

ಒಳ್ಳೇ ಪ್ರಶ್ನೆ. ನಾನು ಗಾಂಧಿನಗರದ ಒಂದು ಸಿನಿಮಾ ವಿತರಕರ ಆಫೀಸಿನಲ್ಲಿ 22 ವರ್ಷ ಲೆಕ್ಕ ಬರೆದವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಖ್ಯಾತಿಯ ಅಳತೆಗೋಲು ಬದಲಾದಂತೆ ಖ್ಯಾತಿನೂ ಬದಲಾಯ್ತು ಅನ್ನೋದು ನನ್ನ ವಾದ. 1934ರಲ್ಲಿ ಮೊದಲ ಕನ್ನಡ ಟಾಕಿ "ಸತಿ ಸುಲೋಚನ" ಬಂದಾಗ ತೆರೆ ಮೇಲಿದ್ದವರು ಜನಕ್ಕೆ ಹೊಸಬರಲ್ಲ, ನಾಟಕ ಕಂಪನಿಯ ಮುಖಗಳೇ. ಗುಬ್ಬಿ ಕಂಪನಿ ಊರಿಗೆ ಬಂತು ಅಂದ್ರೆ ನಟ ಅಲ್ಲೇ ಬಿಡಾರದಲ್ಲಿ ಇರ್ತಿದ್ದ, ಬೆಳಿಗ್ಗೆ ಎದ್ದು ಹಲ್ಲುಜ್ಜೋದನ್ನೂ ಜನ ನೋಡ್ತಿದ್ರು. ಅಣ್ಣಾವ್ರೂ ಅದೇ ರಂಗಭೂಮಿಯಿಂದ 1954ರ "ಬೇಡರ ಕಣ್ಣಪ್ಪ"ಕ್ಕೆ ಬಂದವರು. ಸಿನಿಮಾ ಬಂದ ಮೇಲೆ ನಟ ಮದ್ರಾಸಿನ ಸ್ಟುಡಿಯೋದಲ್ಲಿ, ಮುಖ ಮಾತ್ರ ನಮ್ಮೂರಲ್ಲಿ. ದೂರ ಶುರುವಾಗಿದ್ದೇ ಅಲ್ಲಿಂದ.

ಆ ದೂರಕ್ಕೆ ವ್ಯಾಪಾರದ ಕಾರಣವೂ ಇತ್ತು. ಪ್ರಿಂಟ್‌ಗಳು ಲೆಕ್ಕದ ಮೇಲೆ. ಮೊದಲು ಕೆಜಿ ರೋಡ್, ಆಮೇಲೆ ಜಿಲ್ಲಾ ಕೇಂದ್ರ, ಆಮೇಲೆ ತಾಲ್ಲೂಕು, ಕೊನೆಗೆ ಟೆಂಟು ಟಾಕೀಸು. ರೀಲಿನ ಡಬ್ಬಿ ಬಸ್ಸಿನ ಟಾಪ್ ಮೇಲೆ ಹೋಗ್ತಿತ್ತು. ಇಲ್ಲಿ ನೂರು ದಿನ ಮುಗಿದಾಗ ಅಲ್ಲೆಲ್ಲೋ ಅದು ಹೊಸ ಪಿಕ್ಚರ್. ಹಾಗಾಗಿ ಒಬ್ಬ ನಟ ವರ್ಷಗಟ್ಟಲೆ ಬಿಡುಗಡೆ ಆಗ್ತಾನೇ ಇರ್ತಿದ್ದ. 1972ರ "ಬಂಗಾರದ ಮನುಷ್ಯ" ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದನ್ನ ನಮ್ಮ ತಲೆಮಾರು ಇವತ್ತಿಗೂ ಆಣೆ ಇಟ್ಟ ಹಾಗೆ ಹೇಳುತ್ತೆ. ಅಳತೆಗೋಲು ಆಗ ದಿನ, ವಾರ. ಶತದಿನೋತ್ಸವಕ್ಕೆ ಬೆಳ್ಳಿ ಫಲಕ. ಮಲ್ಟಿಪ್ಲೆಕ್ಸ್ ಬಂದ ಮೇಲೆ ಮೊದಲ ಮೂರು ದಿನದ ಕೋಟಿ. 2021ರ ಜನವರಿಯಲ್ಲಿ "ಕೆಜಿಎಫ್" ಎರಡನೇ ಭಾಗದ ಟೀಸರ್ ಲೀಕ್ ಆಗಿ, ಹೇಳಿದ ಹೊತ್ತಿಗಿಂತ ಮುಂಚೆ ರಾತ್ರೋರಾತ್ರಿ ಬಿಟ್ಟರಲ್ಲ, ಆ ರಾತ್ರಿ ನನ್ನ ಮಗ ಮಲಗಲೇ ಇಲ್ಲ. ಪಿಕ್ಚರ್ ನೋಡೋಕಲ್ಲ, ವ್ಯೂ ಎಷ್ಟಾಯ್ತು ಅಂತ ನೋಡೋಕೆ! ನಾವು ಗೇಟಿನಲ್ಲಿ ಬಂದ ತಲೆ ಎಣಿಸ್ತಿದ್ವಿ, ಅಭಿಮಾನಿ ಎಣಿಸ್ತಿರಲಿಲ್ಲ. ಈಗ ಅಭಿಮಾನಿಯೇ ಲೆಕ್ಕದ ಗುಮಾಸ್ತ.

ಇನ್ನೊಂದು. ಬಿರುದುಗಳನ್ನ ಸಾಲಾಗಿ ಇಟ್ಟು ನೋಡಿ. ವರನಟ, ನಟಸಾರ್ವಭೌಮ, ಸಾಹಸಸಿಂಹ. ಆಮೇಲೆ ರೆಬೆಲ್ ಸ್ಟಾರ್, ಕ್ರೇಜಿಸ್ಟಾರ್, ಪವರ್ ಸ್ಟಾರ್. ಆಮೇಲೆ ಬರೀ ಬಾಸ್. ಶಾಲು ಹೊದಿಸಿ ಕೊಡ್ತಿದ್ದ ಬಿರುದು ಕೊನೆಗೆ ಹ್ಯಾಶ್‌ಟ್ಯಾಗಿಗೆ ಹಿಡಿಸೋ ಅಳತೆಗೆ ಬಂತು.

—

ಹಳೇ_ಪೋಸ್ಟರ್ · 10:40

ಡಬ್ಬಿ ಬಸ್ಸಿನ ಟಾಪ್ ಮೇಲೆ. ಸತ್ಯ. ನಾನು ಇಳಿಸಿದೀನಿ.

—

ಶಂಕ್ರಣ್ಣನ_ಆಟೋ · 11:18

ಈಗಷ್ಟೇ ಗಾಡಿ ನಿಲ್ಲಿಸಿ ಬಂದೆ. ನಾನು ಹುಟ್ಟಿದ್ದು 1993. ಶಂಕ್ರಣ್ಣ ಹೋಗಿದ್ದು 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರ ಆಕ್ಸಿಡೆಂಟಲ್ಲಿ, 35 ವಯಸ್ಸು. ನಾನು ಅವರನ್ನ ನೋಡೇ ಇಲ್ಲ, ಆದ್ರೂ ನನ್ನ ಗಾಡಿ ಹಿಂದೆ ಅವರೇ. ನಮ್ಮ ಸ್ಟ್ಯಾಂಡಲ್ಲಿ 14 ಗಾಡಿ, 9 ಗಾಡಿಲಿ ಅವರೇ. "ಆಟೋ ರಾಜ" ಬಂದಿದ್ದು 1980ರಲ್ಲಿ. ಅವರಿಗೆ ಇನ್‌ಸ್ಟಾ ಇರಲಿಲ್ಲ, ಪಿಆರ್ ಟೀಮ್ ಇರಲಿಲ್ಲ. ಒಬ್ಬ ಹೀರೊ ಖಾಕಿ ಹಾಕ್ಕೊಂಡು ನಮ್ಮ ಕೆಲಸಕ್ಕೆ ಮರ್ಯಾದೆ ತಂದುಕೊಟ್ಟ ಅಂತ ನಮ್ಮಪ್ಪ ಹೇಳ್ತಿದ್ರು, ಅವರೂ ಆಟೋನೇ.

ಮೊನ್ನೆ ಒಬ್ಬ ಪ್ಯಾಸೆಂಜರ್ ಕೋರಮಂಗಲಕ್ಕೆ ಹತ್ತಿದ. ಫೋನಲ್ಲಿ ಯಾರಿಗೋ "ನಾನು ಇನ್‌ಫ್ಲುಯೆನ್ಸರ್" ಅಂತಿದ್ದ. ಇಳೀವಾಗ 20 ರೂಪಾಯಿಗೆ ಜಗಳ ಆಡಿದ. ಮಾರನೇ ದಿನ ಹುಡುಗರು ತೋರಿಸಿದ್ರು, ನನ್ನ ಗಾಡಿ ಅವನ ಸ್ಟೋರಿಯಲ್ಲಿ, "ಬೆಂಗಳೂರು ಆಟೋ ಲೂಟಿ" ಅಂತ. ನನ್ನ ಮುಖ ಬಂದಿಲ್ಲ, ಹಿಂದಿನ ಶಂಕ್ರಣ್ಣನ ಮುಖ ಬಂದಿದೆ. ಅದಕ್ಕೆ ಹೊಟ್ಟೆ ಉರೀತು.

—

ಪಿಜಿ_ಹುಡುಗಿ_ಬಿಟಿಎಂ · ಸೋಮವಾರ ಬೆಳಿಗ್ಗೆ 8:05

ಮೆಟ್ರೊದಲ್ಲಿ ನಿಂತು ಬರೀತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನನ್ನ ಕೆಲಸವೇ ಇದು. ಒಂದು ಏಜೆನ್ಸಿಯಲ್ಲಿ ಇನ್‌ಫ್ಲುಯೆನ್ಸರ್‌ಗಳನ್ನ ಹೊಂದಿಸಿಕೊಡೋದು.

ನಿಮ್ಮ ಮಗಳ 41 ಸಾವಿರಕ್ಕೆ ನಮ್ಮ ಎಕ್ಸೆಲ್ ಶೀಟಲ್ಲಿ ಒಂದು ಕಾಲಂ ಇದೆ. ಲಕ್ಷ ದಾಟಿದವರಿಗೆ ಇನ್ನೊಂದು. ಫಾಲೋವರ್ಸ್‌ನ ನಾವು ಅಷ್ಟು ನೋಡಲ್ಲ. ಎಷ್ಟು ಜನ ಸೇವ್ ಮಾಡಿದ್ರು, ಎಷ್ಟು ಜನ ಫ್ರೆಂಡಿಗೆ ಕಳಿಸಿದ್ರು ಅಂತ ನೋಡ್ತೀವಿ. ವ್ಯೂ ಅನ್ನೋದು ಹೆಬ್ಬೆರಳು ಜಾರುವಾಗ ಪ್ಲೇ ಆದ್ರೂ ಬೀಳುತ್ತೆ, ಅದಕ್ಕೆ ಬೆಲೆ ಕಮ್ಮಿ. ಕಳಿಸಿದ್ದಕ್ಕೆ ಬೆಲೆ ಜಾಸ್ತಿ. ಅಜ್ಜಿ ವಿಡಿಯೋ ಓಡಿರೋದು ಯಾಕೆ ಗೊತ್ತಾ? ಸೊಸೆಯಂದಿರು ಅದನ್ನ ಇನ್ನೊಬ್ಬ ಸೊಸೆಗೆ ಕಳಿಸಿರ್ತಾರೆ, ಅತ್ತೆ ಇಲ್ಲದ ಗ್ರೂಪಲ್ಲಿ.

ಸಿನಿಮಾದವರದೂ ಹೀಗೇ. ಹಾಡು ಸಂಜೆ ಆರಕ್ಕೆ ಬಿಡುಗಡೆ ಅಂದ್ರೆ ಫ್ಯಾನ್ ಪೇಜ್‌ಗಳ ಗ್ರೂಪಿಗೆ ಪೋಸ್ಟರ್, ಟ್ಯಾಗ್, ಬರೆಯಬೇಕಾದ ಸಾಲು ಎಲ್ಲ ಮೊದಲೇ ಹೋಗಿರುತ್ತೆ. ಆರಕ್ಕೆ ಎಲ್ಲರೂ ಒಟ್ಟಿಗೆ ಒತ್ತುತಾರೆ. ಅಂಕಲ್, ನಿಮ್ಮ ಸ್ಟಾರ್ ಕಟ್ಟೋ ಕೆಲಸವೇ ಅದು, ಬಿದಿರು ಮಾತ್ರ ಇಲ್ಲ. ನೀವೂ ಸಂಬಳ ಇಲ್ಲದೆ ಮಾಡಿದ್ರಿ, ಅವರೂ ಸಂಬಳ ಇಲ್ಲದೆ ಮಾಡ್ತಾರೆ. ನೀವು ನಿಮ್ಮ ಏರಿಯಾ ಹೆಸರು ಬರೀತಿದ್ರಿ, ಅವರು ಪೇಜ್ ಹೆಸರಿನ ವಾಟರ್‌ಮಾರ್ಕ್ ಹಾಕ್ತಾರೆ. ಜಗಳ ಮಾತ್ರ ಈಗಲೂ ಅದೇ, ಯಾರದು ಮೇಲಿರಬೇಕು ಅಂತ.

ವ್ಯತ್ಯಾಸ ಒಂದಿದೆ. ಥಿಯೇಟರ್ ನಿಮ್ಮ ಸ್ಟಾರನ್ನ ಬಿಚ್ಚಿ ಹಾಕಿದ್ರೂ ಬಿದಿರು ನಿಮ್ಮದೇ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಬ್ಯಾನ್ ಆಯ್ತಲ್ಲ, ನಾನಾಗ ಕಾಲೇಜು. ನಮ್ಮ ಕ್ಲಾಸಿನ ಒಬ್ಬಳಿಗೆ ಮಾಗಡಿ ರೋಡಲ್ಲಿ ಹೋದ್ರೆ ಜನ ಗುರುತು ಹಿಡೀತಿದ್ರು. ಬೆಳಗಾಗೋದ್ರೊಳಗೆ ಏನೂ ಇಲ್ಲ. ಬೆಂಗಳೂರಿನ ಬಾಡಿಗೆ ಮನೆ ಥರ. ಅಡ್ವಾನ್ಸೂ ವಾಪಸ್ ಕೊಡದೆ ಖಾಲಿ ಮಾಡ್ಸಿದ್ರು.

ಸ್ಟೇಷನ್ ಬಂತು.

—

ಬಸವನಗುಡಿ_ಬೆಣ್ಣೆದೋಸೆ · 8:40

"ಅತ್ತೆ ಇಲ್ಲದ ಗ್ರೂಪಲ್ಲಿ" 😂 ನಮ್ಮನೆಯಲ್ಲಿ ಅಂಥದ್ದು ಎರಡಿದೆ.

—

ಯಶವಂತಪುರ_ಪ್ಯಾಸೆಂಜರ್ · 9:30

ಎಲ್ಲರೂ ಹಳೇ ಕಾಲಕ್ಕೆ ಆರತಿ ಎತ್ತುತಾ ಇದೀರಿ. ನಾನು ಸ್ವಲ್ಪ ನೀರು ಎರಚ್ತೀನಿ, ಕ್ಷಮೆ ಇರಲಿ.

2000ನೇ ಇಸವಿ ಜುಲೈ 30ಕ್ಕೆ ಗಾಜನೂರಿನಿಂದ ವೀರಪ್ಪನ್ ಅಣ್ಣಾವ್ರನ್ನ ಅಪಹರಿಸಿದ. 108 ದಿನ. ನನಗೆ ಎಂಟು ವರ್ಷ. ಮೊದಲ ದಿನಗಳಲ್ಲಿ ಬೆಂಗಳೂರಲ್ಲಿ ಬಸ್ಸಿಲ್ಲ, ಸ್ಕೂಲಿಲ್ಲ, ಅಂಗಡಿ ಇಲ್ಲ. ಕಾಡಿನಿಂದ ಕ್ಯಾಸೆಟ್ ಬರ್ತಿತ್ತು, ಆಡಿಯೋ ಕ್ಯಾಸೆಟ್. ಅದನ್ನ ಯಾರೋ ಹೊತ್ತು ತಂದು, ಇನ್ಯಾರೋ ಕೇಳಿ, ಆಮೇಲೆ ನಮಗೆ ಸುದ್ದಿ. ಸುದ್ದಿ ನಿಧಾನ, ಗಾಳಿಮಾತು ಜೋರು. ನಮ್ಮ ಪಕ್ಕದ ಮನೆ ತಮಿಳು ಕುಟುಂಬ ಒಂದು ವಾರ ಲೈಟ್ ಆರಿಸಿಕೊಂಡು ಕೂತಿತ್ತು. ಅದನ್ನ ಮರೀಬೇಡಿ.

2006ರ ಏಪ್ರಿಲ್ 12. ಅವರು ತೀರಿಕೊಂಡರು. ಊರು ಹೊತ್ತಿ ಉರೀತು. ಗುಂಪಿನ ಕೈಯಲ್ಲಿ ಒಬ್ಬ ಪೊಲೀಸ್ ಪೇದೆ ಸತ್ತ, ಗೋಲಿಬಾರಲ್ಲಿ ಜನ ಸತ್ತರು. ಪುಣ್ಯಾತ್ಮ ಅಣ್ಣಾವ್ರು ಕಣ್ಣು ದಾನ ಮಾಡಿ ಹೋಗಿದ್ದರು, ನಾವು ಕಲ್ಲು ಹೊಡೆದ್ವಿ. ಆವಾಗ ಯಾವ ಟ್ವಿಟರ್ ಇತ್ತು? ಯಾವ ರೀಲ್ಸ್ ಇತ್ತು?

—

ಕೆಜಿ_ರೋಡ್_ಹಳಬ · 9:47

ಮರೆತಿಲ್ಲ. 12ನೇ ತಾರೀಖು ನಾನು ಕಂಠೀರವ ಸ್ಟೇಡಿಯಂ ಹತ್ತಿರವೇ ಇದ್ದೆ. ನೋಡೋಕೆ ಬಿಡ್ತಾರೋ ಇಲ್ವೋ ಅಂತ ಯಾರಿಗೂ ಗೊತ್ತಿರಲಿಲ್ಲ. ಒಬ್ಬ ಇಲ್ಲಿದೆ ಅಂದ, ಒಬ್ಬ ಅಲ್ಲಿದೆ ಅಂದ. ನಾನು ಕಲ್ಲು ಹೊಡೆದಿಲ್ಲ. ಹೊಡೆದವನ ಪಕ್ಕದಲ್ಲಿ ನಿಂತಿದ್ದೆ. ಆ ಮಾತು ಇಷ್ಟು ಸಾಕು.

—

ಮಲ್ಲೇಶ್ವರ_ಸಂಪಿಗೆ · 11:10

2006ನ್ನೂ 2021ನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. 2021ರ ಅಕ್ಟೋಬರ್ 29, ಶುಕ್ರವಾರ. ಅಪ್ಪು, 46 ವರ್ಷ. ಅದೇ ಕಂಠೀರವ ಸ್ಟೇಡಿಯಂ, ಅದೇ ಕಂಠೀರವ ಸ್ಟುಡಿಯೋ. ಲಕ್ಷಾಂತರ ಜನ ಬಂದರೂ 2006 ಮರುಕಳಿಸಲಿಲ್ಲ. ಸರ್ಕಾರ ಪಾಠ ಕಲಿತಿತ್ತು, ಬಂದೋಬಸ್ತ್ ಇತ್ತು, ಎರಡು ದಿನ ದರ್ಶನಕ್ಕೆ ಇಟ್ಟರು, 31ರ ಬೆಳಗಿನ ಜಾವ ಅಂತ್ಯಕ್ರಿಯೆ. ಒಪ್ಪುತೀನಿ. ಆದರೆ ಟಿವಿಯೂ ಮೊಬೈಲೂ ಎಡೆಬಿಡದೆ ತೋರಿಸ್ತಾ ಇದ್ದಿದ್ದೂ ಒಂದು ಕಾರಣ ಅನ್ನೋದು ನನ್ನ ಅನಿಸಿಕೆ. ಜನಕ್ಕೆ ಕಾಣಿಸ್ತಾ ಇತ್ತು. ಕಾಣಿಸದೇ ಇದ್ದಾಗಲೇ ದಿಕ್ಕು ತಪ್ಪೋದು. ಆಮೇಲೆ ಹರಿದಾಡಿದ್ದು ಏನು? ಅವರ ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅನ್ನೋ ಸುದ್ದಿ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಲ್ಲಿ, ಸಾಮಾನ್ಯವಾಗಿ ನೀರಿನ ಟ್ಯಾಂಕರ್ ಜಗಳ ಬಿಟ್ಟರೆ ಏನೂ ಇರಲ್ಲ, ಅಲ್ಲಿ ಆ ವಾರ ಹದಿನೇಳು ಜನ ನೇತ್ರದಾನದ ಫಾರಂ ತುಂಬಿದ್ವಿ. ನಾನೂ.

ಹಾಗಂತ ಫೋನ್ ದೇವರಲ್ಲ. 2025ರ ಜೂನ್ 4 ಎಲ್ಲರಿಗೂ ನೆನಪಿದೆ. 18 ವರ್ಷ ಕಾದು ಆರ್‌ಸಿಬಿಗೆ ಕಪ್ ಬಂತು, ಮಾರನೇ ದಿನವೇ ಚಿನ್ನಸ್ವಾಮಿ ಮುಂದೆ ಕಾಲ್ತುಳಿತದಲ್ಲಿ 11 ಜನ ಹೋದರು. ಕ್ಯಾಸೆಟ್ ಕಾಲದಲ್ಲಿ ಒಂದು ಸುದ್ದಿಗೆ ಜನ ಸೇರೋಕೆ ದಿನ ಬೇಕಿತ್ತು, ಈಗ ಒಂದು ಪೋಸ್ಟ್, ಕೆಲವು ಗಂಟೆ. ಗೇಟಿನ ಅಗಲ ಮಾತ್ರ ಅಷ್ಟೇ.

—

ಹುಬ್ಳಿ_ಮಂದಿ_ಬೆಂಗ್ಳೂರಾಗ · ಮಧ್ಯಾಹ್ನ 1:15

ಎಲ್ಲಾ ಬೆಂಗ್ಳೂರಿಂದs ಮಾತಾಡಾಕತ್ತೀರಿ. ನಮ್ಮ ಕಡೀದೂ ಒಂಚೂರು ಕೇಳ್ರಿ. ಹಾವೇರಿ ಜಿಲ್ಲಾದ ಹನುಮಂತ, ಕುರಿ ಕಾಯೋ ಹುಡುಗ, ಸರಿಗಮಪದಾಗ ಹಾಡಿದ, 2025ರ ಜನವರಿಯೊಳಗ ಬಿಗ್ ಬಾಸ್ 11ನೇ ಸೀಸನ್ ಗೆದ್ದ. ಅದೂ ವೈಲ್ಡ್ ಕಾರ್ಡ್ ಹೋಗಿ. ಗಾಂಧಿನಗರದ ಯಾವ ಆಫೀಸಿನ ಮೆಟ್ಲನೂ ಹತ್ತಿಲ್ಲ ನಮ್ಮ ಹುಡುಗ. ಅವಂಗ ಯಾರು ಓಟ್ ಹಾಕಿದ್ರು? ನಮ್ಮವ್ವ ಹಾಕಿದ್ಲು, ಫೋನ್ ಹಿಡ್ಯಾಕ ಬರೂದಿಲ್ಲ ಆಕಿಗೆ, ನನ್ನ ತಂಗಿ ಕಡಿಂದ ದಿನಾ ಒತ್ತಿಸ್ತಿದ್ಲು. ಅಂವ ಮಾತಾಡಿದ್ದು ನಮ್ಮ ಭಾಷಾ. ಮೊದಲ ಟಿವಿಯೊಳಗ ನಮ್ಮ ಭಾಷಾ ಬಂದ್ರ ನಗಸಾಕಷ್ಟ ಇರ್ತಿತ್ತು.

ಆದ್ರ ಇನ್ನೊಬ್ಬ ಹುಡುಗನ್ನೂ ನೆನಸ್ರಿ. "ಹಳ್ಳಿ ಹೈದ ಪ್ಯಾಟೆಗ್ ಬಂದ" ಗೆದ್ದ ಕಾಡಿನ ಹುಡುಗ. ಪ್ಯಾಟಿಗೆ ತಂದ್ರು, ಎತ್ತಿ ಕುಣಿಸಿದ್ರು, ಸಿನಿಮಾನೂ ಆತು. ಕಾಡಿಗೆ ವಾಪಸ್ ಹೋಗಾಕ ಆಗ್ಲಿಲ್ಲ, ಪ್ಯಾಟಿಯೊಳಗ ನಿಲ್ಲಾಕನೂ ಆಗ್ಲಿಲ್ಲ. 2013ರಾಗ ಮೈಸೂರಿನ್ಯಾಗ ಮಹಡಿ ಮ್ಯಾಲಿಂದ ಬಿದ್ದು ಸತ್ತ. ಟಿಆರ್‌ಪಿ ಅನ್ನೂದು ಆ ವಾರದ ಮಟ್ಟಿಗೆ ಅಷ್ಟರೀ, ಮುಂದಿನ ವಾರ ಯಾರು ಅಂವಗ ಊಟ ಹಾಕಾವ್ರು?

—

ಫಿಲಂ_ರೀಲು · 2:02

ಹುಬ್ಬಳ್ಳಿಯವರು ದೊಡ್ಡ ಮಾತು ಹೇಳಿದ್ರು. ಟಿವಿ ಮಾಡಿದ್ದು ಅದನ್ನೇ. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಬಂದ ಮೇಲೆ ಖ್ಯಾತಿ ಹಜಾರಕ್ಕೆ ಬಂತು. ಥಿಯೇಟರಿಗೆ ಜರತಾರಿ ಸೀರೆ ಉಟ್ಟು ಹೋಗ್ತಿದ್ದವರು ಈಗ ಬೀನ್ಸ್ ಮುರೀತಾ ಧಾರಾವಾಹಿ ನಟಿಯನ್ನ ದಿನಾ ನೋಡೋದು. ಮಾರ್ಕೆಟ್ಟಲ್ಲಿ ಧಾರಾವಾಹಿಯ ಅತ್ತೆ ಸಿಕ್ಕರೆ "ಆ ಹುಡುಗಿಗೆ ಯಾಕ್ರೀ ಅಷ್ಟು ಕಷ್ಟ ಕೊಡ್ತೀರಾ" ಅಂತ ಜಗಳಕ್ಕೇ ನಿಲ್ಲೋರು. ಯಶ್ ಕೂಡ ಈಟಿವಿಯ ಧಾರಾವಾಹಿಯಿಂದಲೇ ಬಂದವರು, ಬಸ್ ಚಾಲಕರ ಮಗ. ಹಳೇ ಗಾಂಧಿನಗರದಲ್ಲಿ ಸೀರಿಯಲ್ ಮುಖ ದೊಡ್ಡ ಪರದೆಗೆ ನಡೆಯಲ್ಲ ಅಂತ ನಾವೇ ಟೀ ಕುಡೀತಾ ತೀರ್ಪು ಕೊಟ್ಟವರು. ಆ ಟೀ ದುಡ್ಡು ದಂಡ.

2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದೂ ಬೆಂಗಳೂರಲ್ಲೇ. ಅಲ್ಲಿ ಮುಖವೇ ಇಲ್ಲದ ಖ್ಯಾತಿ, ಬರೀ ದನಿ. ಅದರ ಆಯಸ್ಸು ನೋಡಿ, ಹತ್ತು ಹದಿನೈದು ವರ್ಷ. ಈಗ ಆರ್‌ಜೆಗಳೂ ಕ್ಯಾಮೆರಾ ಮುಂದೆ ಕೂರಲೇಬೇಕು.

ಎಫ್‌ಎಂ ಅಂದಾಗ ಆಕಾಶವಾಣಿ ಕೋರಿಕೆ ಕಾರ್ಯಕ್ರಮ ನೆನಪಾಯ್ತು. ಹಾಡಿಗಿಂತ ಮುಂಚೆ ಹೆಸರು ಓದ್ತಿದ್ರು. ನಮ್ಮ ಅಕ್ಕನ ಹೆಸರು ಒಂದೇ ಒಂದು ಸಲ ಬಂತು, ಎರಡು ಸೆಕೆಂಡು. ಮಾರನೇ ದಿನ ಹಾಲಿನವನು "ರೇಡಿಯೋದಲ್ಲಿ ಬಂದ್ರಂತೆ" ಅಂದ. ಹಳಬ ಅವರೇ, ನಿಮ್ಮ ಮಗಳ ಖ್ಯಾತಿಗೆ ಹತ್ತಿರದ ನೆಂಟ ಅಣ್ಣಾವ್ರಲ್ಲ, ನಮ್ಮ ಅಕ್ಕ.

—

ಬಸವನಗುಡಿ_ಬೆಣ್ಣೆದೋಸೆ · 2:30

ಒಂದು ವಿಷಯ ಯಾರೂ ಹೇಳಲಿಲ್ಲ. ಅಣ್ಣಾವ್ರು "ಅಭಿಮಾನಿ ದೇವರುಗಳು" ಅಂತಿದ್ರು. ಈಗ ಡಾ. ಬ್ರೋ ವಿಡಿಯೋ ಶುರು ಮಾಡೋದೇ "ನಮಸ್ಕಾರ ದೇವ್ರು" ಅಂತ. ನೆಲಮಂಗಲ ಕಡೆ ಹುಡುಗ ಒಬ್ಬನೇ ಕ್ಯಾಮೆರಾ ಹಿಡ್ಕೊಂಡು ದೇಶ ದೇಶ ಸುತ್ತಿ, ಅಲ್ಲಿಯ ಸಂತೆಯಲ್ಲಿ ಕನ್ನಡ ಮಾತಾಡ್ತಾನೆ. ನಮ್ಮಜ್ಜಿಗೆ 81. ಅವನು ಯಾವ ದೇಶದಲ್ಲಿದ್ದಾನೆ ಅಂತ ನನಗಿಂತ ಮೊದಲು ಅವಳಿಗೆ ಗೊತ್ತು. ಪದ ಅದೇ ಅಲ್ವಾ?

—

ಕೆಜಿ_ರೋಡ್_ಹಳಬ · 6:20

ಪದ ಅದೇ, ಅರ್ಥ ಬೇರೆ. ಈಗ ಬೆಂಗಳೂರಲ್ಲಿ "ದೇವ್ರು" ಅಂದ್ರೆ "ಗುರು", "ಮಗಾ" ಇದ್ದ ಹಾಗೆ. ಪಾನಿಪುರಿಯವನಿಗೂ "ದೇವ್ರು, ಇನ್ನೊಂದು ಪ್ಲೇಟ್". ಅಣ್ಣಾವ್ರು ಹೇಳಿದಾಗ ಕೈ ಮುಗಿದಿರ್ತಿದ್ರು.

—

ಬಸವನಗುಡಿ_ಬೆಣ್ಣೆದೋಸೆ · 6:26

ಕೈ ಮುಗಿದು ಒಳಗೆ ಹೋದ್ರು ಅಂತ ನೀವೇ ಬರೆದಿದೀರಿ ಅಂಕಲ್. ಈ ಹುಡುಗ ಒಳಗೆ ಹೋಗಲ್ಲ, ಅರ್ಧ ಗಂಟೆ ಮಾತಾಡ್ತಾನೆ 🙂

—

ಕೆಜಿ_ರೋಡ್_ಹಳಬ · 6:31

…

—

ಯಶವಂತಪುರ_ಪ್ಯಾಸೆಂಜರ್ · 6:33

ಅಂಕಲ್ ಕ್ಲೀನ್ ಬೌಲ್ಡ್.

—

ಮಲ್ಲೇಶ್ವರ_ಸಂಪಿಗೆ · 7:45

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ನಮ್ಮ ಕಾಲದಲ್ಲಿ "ರೂಪತಾರಾ" ಸಲೂನಿನಲ್ಲಿ, ಲೈಬ್ರರಿಯಲ್ಲಿ ಕೈಯಿಂದ ಕೈಗೆ ಓಡಾಡ್ತಿತ್ತು. ನಟಿಯರ ಬಗ್ಗೆ ಗಾಸಿಪ್ ಆಗಲೂ ಇತ್ತು. ಆದರೆ ಅದನ್ನ ಬರೆಯೋಕೆ ಒಬ್ಬ ವರದಿಗಾರ, ಅಚ್ಚು ಹಾಕೋಕೆ ಒಬ್ಬ ಸಂಪಾದಕ ಇದ್ದ, ಕೇಸು ಹಾಕೋಕೆ ಒಂದು ವಿಳಾಸ ಇತ್ತು. ಈಗ ನೇರ ಅವಳ ಇನ್‌ಬಾಕ್ಸಿಗೆ. 2025ರ ಜುಲೈನಲ್ಲಿ ರಮ್ಯಾ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು, ಅಸಹ್ಯ ಮೆಸೇಜ್ ಕಳಿಸಿದ 40ಕ್ಕೂ ಹೆಚ್ಚು ಖಾತೆಗಳ ಪಟ್ಟಿ ಸಮೇತ. ಬಂಧನಗಳೂ ಆದವು. ಅವರಿಗೆ ಹೆಸರಿದೆ, ಸಂಸದೆ ಆಗಿದ್ದವರು. 41 ಸಾವಿರದ ಹುಡುಗಿಗೆ?

ಹಳಬ ಅವರೇ, ಮಗಳ ಇನ್‌ಬಾಕ್ಸ್ ಯಾವತ್ತಾದರೂ ನೋಡಿದೀರಾ?

—

ಬ್ಯಾನರ್_ಭಕ್ತ · 7:58

ಮೇಡಂ ಇದರಲ್ಲಿ ನಮ್ಮ ಬಾಸ್ ಹೆಸರು ಎಳೀಬೇಡಿ. 2024ರ ಕೇಸ್ ಬಗ್ಗೆ ಸತ್ಯ ಏನಂತ ನಾನು ಹೇಳ್ತೀನಿ…

—

ನಿರ್ವಾಹಕ · 8:04

ಮೇಲಿನ ಪೋಸ್ಟಿನ ಉಳಿದ ಭಾಗ ತೆಗೆದಿದ್ದೇನೆ. ನ್ಯಾಯಾಲಯದಲ್ಲಿರುವ ಪ್ರಕರಣ ಇಲ್ಲಿ ಬೇಡ. ಮೇಡಂ ಯಾವ ನಟನ ಹೆಸರನ್ನೂ ಎತ್ತಿಲ್ಲ, ನೀವೇ ಓಡಿ ಬಂದಿದ್ದೀರಿ.

—

ಕೆಜಿ_ರೋಡ್_ಹಳಬ · 10:50

ಊಟ ಆದ ಮೇಲೆ ಕೇಳಿದೆ. "ಅಪ್ಪಾ, ನೀನು ಓದ್ಬೇಡ" ಅಂದಳು. ಆಮೇಲೆ ಏನನ್ನಿಸಿತೋ, ಫೋನ್ ಕೊಟ್ಟು ಅಡುಗೆಮನೆಗೆ ಹೋದಳು. ರಿಕ್ವೆಸ್ಟ್ ಅಂತ ಒಂದಿದೆ, ಅದರ ಕೆಳಗೆ ಹಿಡನ್ ಅಂತ ಇನ್ನೊಂದಿದೆ. ಒಂಬತ್ತೋ ಹತ್ತೋ ಓದಿದೆ. ಒಬ್ಬನ ಪ್ರೊಫೈಲ್ ಫೋಟೊದಲ್ಲಿ ಅಣ್ಣಾವ್ರು. ಬರೆದಿದ್ದು ಏನು ಅಂತ ಇಲ್ಲಿ ಹೇಳೋಕಾಗಲ್ಲ.

ಇನ್ನೂ ಒಂದು ಗೊತ್ತಾಯ್ತು. ಒಂದು ಸಿನಿಮಾ ಪ್ರಚಾರದವರು ಅವಳ ಹತ್ತಿರ ಎರಡು ವಿಡಿಯೋ ಮಾಡಿಸಿಕೊಂಡು ನಾಲ್ಕು ತಿಂಗಳಾದ್ರೂ ದುಡ್ಡು ಕೊಟ್ಟಿಲ್ಲ. "ಮುಂದಿನ ಪಿಕ್ಚರಲ್ಲಿ ಸಣ್ಣ ಪಾತ್ರ ಕೊಡ್ತೀವಿ" ಅಂತ ತಳ್ತಾ ಇದಾರೆ. ಈ ಮಾತು ನಾನು 1987ರಲ್ಲೂ ಕೇಳಿದೀನಿ, ಮಜೆಸ್ಟಿಕ್ಕಿನ ಒಂದು ಲಾಡ್ಜಿನಲ್ಲಿ.

—

ಪಿಜಿ_ಹುಡುಗಿ_ಬಿಟಿಎಂ · 11:04

ಅಂಕಲ್, ಕೆಲಸ ಒಪ್ಪಿದ್ದ ಮೆಸೇಜ್ ಸ್ಕ್ರೀನ್‌ಶಾಟ್ ಇಟ್ಕೊಳ್ಳಕ್ಕೆ ಹೇಳಿ. ಇನ್ಮೇಲೆ ಅರ್ಧ ದುಡ್ಡು ಮೊದಲೇ. ಮತ್ತೆ ದುಡ್ಡು ಪಡೆದ ವಿಡಿಯೋಗೆ "ಜಾಹೀರಾತು" ಅಂತ ಹಾಕಲೇಬೇಕು. 2021ರಿಂದಲೇ ಜಾಹೀರಾತು ಮಂಡಳಿ ನಿಯಮ, 2023ರಲ್ಲಿ ಕೇಂದ್ರ ಗ್ರಾಹಕ ಇಲಾಖೆಯೂ ಮಾರ್ಗಸೂಚಿ ಕೊಟ್ಟಿದೆ. ಹಾಕದಿದ್ರೆ ಸಿಕ್ಕಿಹಾಕಿಕೊಳ್ಳೋದು ಅವಳೂ ಸೇರಿ.

—

ಫಿಲಂ_ರೀಲು · ಮಂಗಳವಾರ ಬೆಳಿಗ್ಗೆ 7:30

ರಾತ್ರಿ ಇನ್ನೊಂದು ಯೋಚನೆ ಬಂತು. ಈಗ ಖ್ಯಾತಿಗೆ ಜೀವ ಇರೋ ಮನುಷ್ಯನೂ ಬೇಕಾಗಿಲ್ಲ. 2016ರ "ನಾಗರಹಾವು"ನಲ್ಲಿ ವಿಷ್ಣು ಅವರನ್ನ ಗ್ರಾಫಿಕ್ಸಲ್ಲಿ ತಂದರು, ಅವರು ಹೋಗಿ ಆಗ ಆರು ವರ್ಷ ದಾಟಿತ್ತು. ಅಪ್ಪು ಅವರ "ಜೇಮ್ಸ್" 2022ರ ಮಾರ್ಚಲ್ಲಿ ಬಂದಾಗ ಶಿವಣ್ಣನ ದನಿ, ಆಮೇಲೆ ತಂತ್ರಜ್ಞಾನದಿಂದ ಅಪ್ಪು ದನಿಯನ್ನೇ ಕೂರಿಸಿ ಮತ್ತೆ ಬಿಟ್ಟರು. ನಾನು ಎರಡೂ ನೋಡಿದೆ. ಮೊದಲನೆಯದೇ ನನಗೆ ಹಿಡಿಸಿತು. ಅಣ್ಣ ತಮ್ಮನಿಗೆ ದನಿ ಕೊಡೋದರಲ್ಲಿ ಒಂದು ದುಃಖ ಇತ್ತು, ಅದು ಕೇಳಿಸ್ತಿತ್ತು. ಎರಡನೆಯದರಲ್ಲಿ ಎಲ್ಲ ಸರಿಯಾಗಿತ್ತು, ನನಗೇ ಏನೋ ಕಸಿವಿಸಿ.

—

ಶಂಕ್ರಣ್ಣನ_ಆಟೋ · 7:52

ನಮ್ಮ ಮಾವ, ಇನ್ಫೋಸಿಸ್ ನಾರಾಯಣ ಮೂರ್ತಿ ಅವರೇ ಹೇಳಿದ್ರು ಅಂತ ಯಾವುದೋ ಟ್ರೇಡಿಂಗಿಗೆ 60 ಸಾವಿರ ಹಾಕಿ ಕಳ್ಕೊಂಡ್ರು. ವಿಡಿಯೋ ನಕಲಿ. "ಅವರ ಬಾಯಿ ಆಡ್ತಾ ಇತ್ತು ಕಣೋ" ಅಂತಾರೆ ಇವತ್ತಿಗೂ.

—

ಪಿಜಿ_ಹುಡುಗಿ_ಬಿಟಿಎಂ · 8:10

ಅದೇ ಬೆಂಗಳೂರಿನ ವಿಶೇಷ ನೋಡಿ. ಇಲ್ಲಿ ಕಂಪನಿ ಕಟ್ಟಿದವರೂ ಸ್ಟಾರ್‌ಗಳೇ. ಪ್ರಧಾನಿ ಮೊದಲ ಸಲ ಪಾಡ್‌ಕಾಸ್ಟಿಗೆ ಬಂದಿದ್ದು, 2025ರ ಜನವರಿ, ನಮ್ಮೂರ ನಿಖಿಲ್ ಕಾಮತ್ ಮುಂದೆ. ನಮ್ಮ ಪಿಜಿಯಲ್ಲಿ ಇಬ್ಬರು ಹುಡುಗೀರ ವಾಲ್‌ಪೇಪರ್ ಹೀರೊ ಅಲ್ಲ, ಸ್ಟಾರ್ಟಪ್ ಫೌಂಡರ್. ನನಗಂತೂ ಅರ್ಥ ಆಗಿಲ್ಲ.

—

ಹುಬ್ಳಿ_ಮಂದಿ_ಬೆಂಗ್ಳೂರಾಗ · 8:15

ಕಟೌಟ್ ಯಾವಾಗ ಹಾಕ್ತಾರಂತ? 😀

—

ಹಳೇ_ಪೋಸ್ಟರ್ · 9:00

ಕಟೌಟ್ ಬಗ್ಗೆ ತಮಾಷೆ ಬೇಡ. ಕೈಯಲ್ಲಿ ಬರೀತಿದ್ದವರನ್ನ ಫ್ಲೆಕ್ಸ್ ತಿಂತು. 2018ರಲ್ಲಿ ಹೈಕೋರ್ಟ್ ಬಿಸಿ ಮುಟ್ಟಿಸಿದ ಮೇಲೆ ಬೆಂಗಳೂರಲ್ಲಿ ಫ್ಲೆಕ್ಸಿಗೂ ನಿಷೇಧ. ಆದ್ರೂ 2024ರ ಜನವರಿಯಲ್ಲಿ ಗದಗ ಜಿಲ್ಲೆ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸೋಕೆ ಹೋಗಿ ಮೂರು ಹುಡುಗರು ಕರೆಂಟ್ ಹೊಡೆದು ಸತ್ತರು. ಯಶ್ ಖುದ್ದು ಆ ಊರಿಗೆ ಹೋಗಿ, ಬ್ಯಾನರ್ ಕಟ್ಟಬೇಡಿ ಅಂತ ಬೇಡಿಕೊಂಡ್ರು. ಅಲ್ಲಿ ರೀಲ್ಸೂ ಇತ್ತು, ಫೋನೂ ಇತ್ತು. ಆದ್ರೂ ಎತ್ತರಕ್ಕೆ ಏನೋ ಒಂದು ನಿಲ್ಲಿಸಬೇಕು ಅಂತ ಆಸೆ. ನನಗೆ ಆ ಆಸೆ ಗೊತ್ತು. ನಲವತ್ತು ಅಡಿ ಏಣಿ ಮೇಲೆ ನಿಂತು ಮೂಗು ಬರೆದಿದೀನಿ. ಮೂಗು ಬರೀವಾಗ ಮುಖ ಕಾಣಲ್ಲ, ಕೆಳಗಿಳಿದು ರಸ್ತೆ ಆ ಕಡೆ ಹೋಗಿ ನೋಡಬೇಕು.

—

ಕೆಜಿ_ರೋಡ್_ಹಳಬ · ಮುಂದಿನ ಭಾನುವಾರ ರಾತ್ರಿ 8:15

ಮಗಳು ಈ ಚರ್ಚೆ ಎಲ್ಲ ಓದಿಬಿಟ್ಟಿದ್ದಾಳೆ. (ಯಾರೋ ಅವಳಿಗೆ ಫಾರ್ವರ್ಡ್ ಮಾಡಿದ್ದಾರೆ, ಯಾರು ಅಂತ ಗೊತ್ತಾದ್ರೆ ಬಿಡಲ್ಲ.) "ಅಪ್ಪಾ, ಒಂದು ಸ್ಟಾರ್ ಕಟ್ಟಿ ತೋರಿಸು, ವಿಡಿಯೋ ಮಾಡ್ತೀನಿ" ಅಂದಳು. ಬಂಬೂ ಬಜಾರಿಗೆ ಹೋಗಿ ದಬ್ಬೆ ತಂದ್ವಿ. ಮೂರು ಮೂಲೆವರೆಗೂ ಕೈ ತಾನೇ ಹೋಯ್ತು, ನಾಲ್ಕನೇದಕ್ಕೆ ಗಂಟು ಮರೆತು ನಿಂತಿತು. ಬಿಚ್ಚಿ ಮತ್ತೆ ಕಟ್ಟಿದೆ. ಕಾಗದ ಸುಕ್ಕಾಯ್ತು. ಒಳಗೆ ಎಲ್‌ಇಡಿ ಹಾಕಿದ್ವಿ. ಕೆಳಗೆ ಶ್ರೀರಾಂಪುರ ಅಂತ ಬರೆದೆ.

ಬಾಲ್ಕನಿಯಲ್ಲಿ ನೇತು ಹಾಕಿದೀವಿ. ಅಜ್ಜಿ ವಿಡಿಯೋಗೆ ಲಕ್ಷಗಟ್ಟಲೆ ಬಂದಿತ್ತಲ್ಲ, ಇದಕ್ಕೆ ಇವತ್ತು ಸಂಜೆವರೆಗೂ 612. ಒಬ್ಬ ಹುಡುಗ ಕಾಮೆಂಟ್ ಹಾಕಿದ್ದಾನೆ, "ಅಂಕಲ್, ಕ್ರಿಸ್‌ಮಸ್ ಇನ್ನೂ ದೂರ ಇದೆಯಲ್ವಾ?"

—

ಹಳೇ_ಪೋಸ್ಟರ್ · 8:22

ಮೈದಾ ಅಂಟಿಗೆ ಮೈಲುತುತ್ತ ಹಾಕಿದ್ರಾ? ಇಲ್ಲಾಂದ್ರೆ ರಾತ್ರಿ ಹೆಗ್ಗಣ ಬಂದು ತಿಂದು ಹಾಕುತ್ತೆ.

—

ಕೆಜಿ_ರೋಡ್_ಹಳಬ · 8:24

ಅಯ್ಯೋ, ಮರೆತೇಬಿಟ್ಟೆ. ತಡೀರಿ, ಒಳಗೆ ತಗೊಂಡು ಬರ್ತೀನಿ.